ಬನ್ನಿ, ನಿಮ್ಮ ಜಾಗ ಇಲ್ಲಿದೆ

ನಮ್ಮ ತುಮಕೂರಿನ ಕಡೆ ಮದುವೆ ಊಟಕ್ಕೆ ಹೋದವರೆಲ್ಲ ಇದನ್ನು ನೋಡಿಯೇ ಇರುತ್ತಾರೆ. ಊಟದ ಹಾಲ್ ತುಂಬಿದೆ. ಒಂದು ಪಂಕ್ತಿ ಇನ್ನೂ ಮುಗಿದಿಲ್ಲ. ಮುಂದಿನ ಪಂಕ್ತಿಯವರು ಆಗಲೇ ಒಳಗೆ ಬಂದು, ಉಣ್ಣುತ್ತಿರುವವರ ಚೇರಿನ ಹಿಂದೆ ಒಬ್ಬೊಬ್ಬರಾಗಿ ನಿಂತಿದ್ದಾರೆ. ಕೂತವರಿಗೆ ಮಜ್ಜಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಿಂತವರಿಗೆ ಕಾಲು ನೋವು. ಕೂತವರು ಎದ್ದರೆ ಸಾಕು, ಎಲೆ ತೆಗೆಯುವ ಮುಂಚೆಯೇ ಕರ್ಚೀಫು ಹಾಕಿ ಜಾಗ ಹಿಡಿಯುತ್ತಾರೆ. ಅಪ್ಪ ಒಂದು ಸಾಲಿನಲ್ಲಿ, ಅಮ್ಮ ಇನ್ನೊಂದು ಸಾಲಿನಲ್ಲಿ, ಮಗು ಯಾರದೋ ತೊಡೆಯ ಮೇಲೆ.

ಇದನ್ನು ನಾವು ಮಾಮೂಲು ಅಂತ ಒಪ್ಪಿಕೊಂಡುಬಿಟ್ಟಿದ್ದೇವೆ. ನನಗೆ ಒಪ್ಪಲು ಆಗುವುದಿಲ್ಲ. ಮನೆಮನೆಗೆ ಹೋಗಿ, ಕುಂಕುಮ ಕೊಟ್ಟು, ಅಕ್ಷತೆ ಕೊಟ್ಟು, 'ಖಂಡಿತ ಬರಬೇಕು' ಅಂತ ನಾವೇ ಕರೆದ ಜನ ಇವರು. ಅಷ್ಟು ದೂರದಿಂದ ಬಂದ ಮೇಲೆ ಉಣ್ಣೋ ಜಾಗವನ್ನು ತಾವೇ ಹೋರಾಡಿ ಹಿಡಿದುಕೊಳ್ಳಬೇಕು ಅಂದರೆ ಹೇಗೆ? ಕರೆದ ಮೇಲೆ ಕೂರಿಸುವ ಕೆಲಸವೂ ನಮ್ಮದೇ ಅಲ್ವಾ?

ನಮ್ಮ ಮನೆತನದ ಮದುವೆಗಳಲ್ಲಿ ಊಟದ ಹಾಲಿನ ಜವಾಬ್ದಾರಿ ಬಹಳ ಕಾಲದಿಂದ ನನ್ನದು. ಹೋದ ವರ್ಷ ನಮ್ಮ ಅಕ್ಕನ ಮಗನ ಮದುವೆ ಗೊತ್ತಾಯಿತು. ಅವನು ಬೆಂಗಳೂರಿನಲ್ಲಿ ಕೆಲಸ ಮಾಡುವವನು, ಹುಡುಗಿಯೂ ಅಲ್ಲಿಯವಳೇ. ಮಾರನೇ ದಿನದ ಮುಹೂರ್ತದ ಊಟ ಎಂದಿನ ಹಾಗೆ ಬಾಳೆ ಎಲೆ, ಉದ್ದನೆಯ ಸಾಲು, ಸಾವಿರಕ್ಕೂ ಜಾಸ್ತಿ ಜನ. ಹಿಂದಿನ ಸಂಜೆಯ ಆರತಕ್ಷತೆ ಮಾತ್ರ 300 ಜನಕ್ಕೆ. 'ಚಿಕ್ಕಮ್ಮ, ಸಂಜೆಯ ಊಟಕ್ಕೆ ಯಾರೂ ಚೇರ್ ಹಿಂದೆ ನಿಂತ್ಕೋಬಾರ್ದು. ತಟ್ಟೆ ಹಿಡ್ಕೊಂಡು ನಿಂತು ತಿನ್ನೋ ಬಫೆಯೂ ಬೇಡ. ಪ್ರತಿಯೊಬ್ಬರಿಗೂ ಮೊದಲೇ ಜಾಗ ಗೊತ್ತು ಮಾಡೋಣ. ನೀವೇ ನಿಂತು ಮಾಡಿಸ್ಬೇಕು' ಅಂದ. ನನಗೆ ಬಹಳ ಸಂತೋಷವಾಯಿತು. ಮದುಮಗನೇ ಅತಿಥಿಗಳ ಊಟದ ಬಗ್ಗೆ ಇಷ್ಟು ಯೋಚಿಸಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಹೊರದೇಶಗಳ ಮದುವೆಗಳಲ್ಲಿ ಇದು ಹಳೆಯ ಪದ್ಧತಿ. ಬಾಗಿಲ ಹತ್ತಿರ ಒಂದು ದೊಡ್ಡ ಬೋರ್ಡು ಇರುತ್ತದೆ. ಇಲ್ಲದಿದ್ದರೆ ಹೆಸರು ಬರೆದ ಚಿಕ್ಕ ಕಾರ್ಡುಗಳನ್ನು ಜೋಡಿಸಿಟ್ಟಿರುತ್ತಾರೆ. ನಿಮ್ಮ ಕಾರ್ಡು ಎತ್ತಿಕೊಂಡರೆ ಅದರಲ್ಲಿ ಟೇಬಲ್ ನಂಬರ್ ಇರುತ್ತದೆ. ಟೇಬಲ್ಲಿಗೆ ಹೋದರೆ ಕೆಲವು ಕಡೆ ಚೇರಿಗೊಂದು ಹೆಸರಿನ ಚೀಟಿಯೂ ಉಂಟು. ಅಲ್ಲಿ ಇದು ಸಲೀಸಾಗಿ ನಡೆಯಲು ಒಂದು ಕಾರಣ ಇದೆ. ಕರೆದವರು ಬರುತ್ತಾರೋ ಇಲ್ಲವೋ, ಎಷ್ಟು ಜನ ಬರುತ್ತಾರೆ ಅನ್ನುವುದನ್ನು ವಾರಗಟ್ಟಲೆ ಮುಂಚೆ ಬರೆದು ತಿಳಿಸುತ್ತಾರೆ. ನಮ್ಮ ಲಗ್ನಪತ್ರಿಕೆಯಲ್ಲಿ ನಾವೇ 'ಸಕುಟುಂಬ ಸಪರಿವಾರ ಸಮೇತ' ಬನ್ನಿ ಅಂತ ಅಚ್ಚು ಹಾಕಿಸಿರುತ್ತೇವೆ. ಆಮೇಲೆ 'ಎಷ್ಟು ಜನ ಬರ್ತೀರಿ?' ಅಂತ ಫೋನ್ ಮಾಡಿ ಕೇಳುವುದು ನಮ್ಮವರಿಗೆ ಸರಿಹೋಗುವುದಿಲ್ಲ. ಕೇಳಿದರೂ 'ಬರ್ತೀವಿ ಬಿಡಮ್ಮ' ಅನ್ನುತ್ತಾರೆ, ಲೆಕ್ಕ ಹೇಳುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕರೆಯುವ ರೀತಿಯೇ ಹಾಗಿದೆ.

ಹಾಗಾಗಿ ಚೇರಿಗೊಂದು ಹೆಸರು ಬೇಡ, ಟೇಬಲ್ಲಿಗೊಂದು ಗುಂಪು ಸಾಕು ಅಂತ ಮೊದಲೇ ತೀರ್ಮಾನ ಮಾಡಿದೆವು. 5 ಅಡಿ ಅಗಲದ ದುಂಡು ಟೇಬಲ್ಲಿಗೆ 8 ಜನ, 6 ಅಡಿಯದಕ್ಕೆ 10 ಜನ ಅನ್ನುವುದು ಎಲ್ಲ ಕಡೆ ನಡೆಯುವ ಲೆಕ್ಕ. ಸುತ್ತಳತೆ ಭಾಗಿಸಿ ನೋಡಿದರೆ ಒಬ್ಬರಿಗೆ ಹೆಚ್ಚು ಕಡಿಮೆ 2 ಅಡಿ ಜಾಗ ಸಿಗುತ್ತದೆ. ನಾವು 6 ಅಡಿಯ ಟೇಬಲ್ ತರಿಸಿದೆವು. 8 ಜನರ ಹೆಸರಿಗೆ ಒಂದು ಟೇಬಲ್ ಇಟ್ಟು, 2 ಚೇರು ಹೆಚ್ಚಿಗೆ ಬಿಟ್ಟೆವು. ಜೊತೆಗೆ ಯಾರ ಹೆಸರೂ ಇಲ್ಲದ ಕೆಲವು ಟೇಬಲ್ಲುಗಳನ್ನು ಬಾಗಿಲ ಬಲಕ್ಕೆ ಹಾಕಿಸಿದೆವು. ತುಮಕೂರಿನಲ್ಲಿ ಈ ಖಾಲಿ ಟೇಬಲ್ ಇಲ್ಲದೆ ಯಾವ ಪಟ್ಟಿಯೂ ನಿಲ್ಲುವುದಿಲ್ಲ.

ದುಂಡು ಟೇಬಲ್ಲಿಗೆ ಬಾಳೆ ಎಲೆ ಹೊಂದುವುದಿಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಉದ್ದ ಸಾಲಿನಲ್ಲಿ ನಾವು ಟೇಬಲ್ಲಿನ ಒಂದೇ ಬದಿಗೆ ಕೂರುತ್ತೇವೆ. ಬಡಿಸುವವರು ಎದುರು ಬದಿಯಲ್ಲಿ ಬಕೆಟ್ ಹಿಡಿದು ಓಡಾಡುತ್ತಾರೆ. ಮುಖ ನೋಡಿ ಬಡಿಸುತ್ತಾರೆ, ನಾವು ಕೈ ಅಡ್ಡ ಹಿಡಿದು 'ಸಾಕು' ಅನ್ನುತ್ತೇವೆ. ದುಂಡು ಟೇಬಲ್ಲಿನಲ್ಲಿ ಎದುರು ಬದಿಯೇ ಇಲ್ಲ. ಬಿಸಿ ಸಾರನ್ನು ಹೆಗಲ ಮೇಲಿಂದ ಬಗ್ಗಿ ಬಡಿಸಬೇಕು. ಅಡುಗೆ ಕಾಂಟ್ರಾಕ್ಟರ್ ಇದನ್ನು ಮೊದಲ ಮಾತಿನಲ್ಲೇ ಹೇಳಿದರು. ಅದಕ್ಕೇ ಆ ಸಂಜೆ ತಟ್ಟೆ ಊಟ. ಕೋಸಂಬರಿ, ಪಲ್ಯ, ಹೋಳಿಗೆ ಮೊದಲೇ ತಟ್ಟೆಯಲ್ಲಿ. ಬಿಸಿ ಪದಾರ್ಥಗಳನ್ನು ಮುಚ್ಚಿದ ಪಾತ್ರೆಯಲ್ಲಿ ಟೇಬಲ್ ನಡುವೆ ಇಟ್ಟು, ಬಡಿಸಲು ಟೇಬಲ್ಲಿಗೊಬ್ಬ ಹುಡುಗ.

ಇನ್ನು ಬೋರ್ಡಿನ ವಿಷಯ. ಹುಡುಗ ಹುಡುಗಿ ಸೇರಿ ಮಾಡಿಸಿದ ಮೊದಲ ನಮೂನೆ ಬಹಳ ಚೆನ್ನಾಗಿತ್ತು. ಹೂಬಳ್ಳಿ, ಚಿನ್ನದ ಬಣ್ಣ, ಬಳುಕುವ ಇಂಗ್ಲಿಷ್ ಅಕ್ಷರ. ಒಂದನೇ ಟೇಬಲ್ ಅಂತ ಬರೆದು ಅದರ ಕೆಳಗೆ ಹೆಸರುಗಳು, ಎರಡನೇ ಟೇಬಲ್ ಅಂತ ಬರೆದು ಅದರ ಕೆಳಗೆ ಹೆಸರುಗಳು. ನಾನು ಅದನ್ನು ಬಹಳ ಹೊತ್ತು ನೋಡಿದೆ. ರೈಲು ಬೋಗಿಯ ಬಾಗಿಲಿಗೆ ಅಂಟಿಸುತ್ತಿದ್ದ ರಿಸರ್ವೇಷನ್ ಚಾರ್ಟ್ ನೆನಪಾಯಿತು. ಅದೂ ಸೀಟಿನ ಕ್ರಮದಲ್ಲೇ ಇರುತ್ತಿತ್ತು. ಆದರೆ ರೈಲು ಹತ್ತುವವರ ಕೈಯಲ್ಲಿ ಸೀಟಿನ ನಂಬರ್ ಇರುವ ಟಿಕೆಟ್ ಇರುತ್ತದೆ. ಮದುವೆಗೆ ಬಂದವರ ಕೈಯಲ್ಲಿ ಏನಿರುತ್ತದೆ? ಟೇಬಲ್ ಯಾವುದು ಅಂತ ತಿಳಿಯಲಿಕ್ಕೇ ಅವರು ಬೋರ್ಡಿಗೆ ಬಂದಿರುವುದು. ಎಲ್ಲ ಟೇಬಲ್ಲಿನ ಹೆಸರುಗಳನ್ನೂ ಮೊದಲಿಂದ ಕೊನೆವರೆಗೆ ಓದಿದರೆ ಮಾತ್ರ ಅವರ ಹೆಸರು ಸಿಗುತ್ತದೆ. ಟೇಬಲ್ ಪ್ರಕಾರ ಬರೆದ ಪಟ್ಟಿ ಅಡುಗೆಯವರಿಗೆ ಬೇಕು, ನಮಗೆ ಬೇಕು. ಬಂದವರಿಗೆ ಬೇಕಾದದ್ದು ತಮ್ಮನ್ನು ತಾವು ಬೇಗ ಕಂಡುಕೊಳ್ಳುವ ಪಟ್ಟಿ.

'ಹಾಗಾದ್ರೆ ಹೆಸರಿನ ಅಕ್ಷರದ ಪ್ರಕಾರ ಮಾಡೋಣ ಚಿಕ್ಕಮ್ಮ' ಅಂದ ಹುಡುಗ. ಬೆಂಗಳೂರಿನ ಅವನ ಆಫೀಸಿನವರಿಗೆ ಅದು ಸರಿ. ನಮ್ಮವರಿಗೆ ಸರಿಬರುವುದಿಲ್ಲ. ನಮ್ಮಲ್ಲಿ ಒಬ್ಬರ ಹೆಸರಿನ ಮುಂದೆ ಎರಡು ಮೂರು ಇನಿಶಿಯಲ್ ಇರುತ್ತವೆ. ಅವರು ಯಾವ ಅಕ್ಷರದ ಕೆಳಗೆ ಹುಡುಕಬೇಕು? ರಂಗಪ್ಪ, ಸಿದ್ದಗಂಗಯ್ಯ, ಸಿದ್ದಗಂಗಮ್ಮ, ನರಸಿಂಹಯ್ಯ ಇಂಥ ಹೆಸರು ನಮ್ಮ ಜಿಲ್ಲೆಯಲ್ಲಿ ಬೀದಿಗೊಂದು ಇವೆ. ಇನ್ನು ಎಷ್ಟೋ ಹೆಂಗಸರನ್ನು ನಾವು ಹೆಸರಿನಿಂದ ಕರೆದೇ ಇಲ್ಲ. ಗುಬ್ಬಿ ಅತ್ತೆ, ತಿಪಟೂರು ದೊಡ್ಡಮ್ಮ, ಕುಣಿಗಲ್ ಚಿಕ್ಕಮ್ಮ. ಅವರ ನಿಜವಾದ ಹೆಸರು ಪಟ್ಟಿ ಮಾಡುವವರಿಗೇ ನೆನಪಿಲ್ಲ. 

ಮದುವೆ ಮನೆಯಲ್ಲಿ ಹೊಸಬರು ಸಿಕ್ಕರೆ ನಾವು ಮೊದಲು ಕೇಳುವುದು ಏನು? 'ಯಾವೂರಿಂದ ಬಂದ್ರಿ?' ಅದೇ ನಮ್ಮ ಪಟ್ಟಿಯ ಕ್ರಮವೂ ಆಯಿತು. ನಮ್ಮ ಜಿಲ್ಲೆಯಲ್ಲಿ 10 ತಾಲ್ಲೂಕು. ತುಮಕೂರು, ಗುಬ್ಬಿ, ತಿಪಟೂರು, ತುರುವೇಕೆರೆ, ಕುಣಿಗಲ್, ಚಿಕ್ಕನಾಯಕನಹಳ್ಳಿ, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ. ನಮ್ಮ ನೆಂಟರು ಹತ್ತರಲ್ಲೂ ಇಲ್ಲ, ಆದರೆ ಸುಮಾರು ಕಡೆ ಇದ್ದಾರೆ. ಬೋರ್ಡಿನಲ್ಲಿ ಊರನ್ನು ದೊಡ್ಡದಾಗಿ ಕನ್ನಡದಲ್ಲಿ ಬರೆಸಿ, ಅದರ ಕೆಳಗೆ ಮನೆಯ ಹಿರಿಯರ ಹೆಸರು, ಪಕ್ಕದಲ್ಲೇ ಟೇಬಲ್ ನಂಬರ್. 'ತಿಪಟೂರು' ಅಂತ ಕಣ್ಣಿಗೆ ಬಿದ್ದರೆ ಅಲ್ಲಿರುವುದು ನಾಲ್ಕೈದು ಹೆಸರು ಮಾತ್ರ. ಬೆಂಗಳೂರಿನವರದ್ದು ದೊಡ್ಡ ಗುಂಪಾದ್ದರಿಂದ ಅವರಿಗೆ ಬೇರೆ ಬೋರ್ಡು ಮಾಡಿ, ಹೆಸರಿನ ಅಕ್ಷರದ ಕ್ರಮದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಸಿದೆವು.

ಬೋರ್ಡನ್ನು ಊಟದ ಹಾಲಿನ ಬಾಗಿಲಲ್ಲೇ ಇಡಬಾರದು. ಹುಡುಕುವವರು ನಿಂತರೆ ಬಾಗಿಲು ಕಟ್ಟಿಹೋಗುತ್ತದೆ. ಆರತಕ್ಷತೆಯಲ್ಲಿ ಜನ ಸಾಲಾಗಿ ವೇದಿಕೆ ಹತ್ತಿ, ಹುಡುಗ ಹುಡುಗಿಗೆ ಅಕ್ಷತೆ ಹಾಕಿ, ಫೋಟೋ ತೆಗೆಸಿಕೊಂಡು ಇನ್ನೊಂದು ಬದಿಯಿಂದ ಇಳಿಯುತ್ತಾರೆ. ಇಳಿದ ಮೇಲೆ ಊಟದ ಹಾಲಿಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಅಗಲ ಇರುವ ಕಡೆ, ಒಳ್ಳೆ ಬೆಳಕಿನಲ್ಲಿ ಇಟ್ಟೆವು. ಕನ್ನಡಕ ಮರೆತು ಬಂದವರೂ ಓದುವಷ್ಟು ದಪ್ಪ ಅಕ್ಷರ. ಹೂಬಳ್ಳಿ ಉಳಿಯಿತು, ಅಂಚಿನಲ್ಲಿ.

ಟೇಬಲ್ಲುಗಳಿಗೆ ನಂಬರ್ ಬೇಡ, ಹೆಸರು ಇಡೋಣ ಅಂತ ಹುಡುಗಿಗೆ ಆಸೆ ಇತ್ತು. ತಾವಿಬ್ಬರೂ ನೋಡಿದ ಊರುಗಳ ಹೆಸರು. ನಾನು ಹೇಳಿದೆ, ಇಡೋಣಮ್ಮ, ಆದರೆ ನಂಬರ್ ಇರಲೇಬೇಕು. ಏಳನೇ ಟೇಬಲ್ ಕಂಡವರಿಗೆ ಎಂಟನೆಯದು ಪಕ್ಕದಲ್ಲೇ ಇದೆ ಅಂತ ಗೊತ್ತಾಗುತ್ತದೆ. ಬರೀ ಹೆಸರಿದ್ದರೆ ಎಲ್ಲ ಟೇಬಲ್ಲೂ ಸುತ್ತಬೇಕು. ಅವಳು ತಕ್ಷಣ ಒಪ್ಪಿಕೊಂಡಳು. ಒಪ್ಪಿಕೊಂಡು, 'ಹಾಗಾದ್ರೆ ನಿಮ್ಮ ಕಡೆ ಬೆಟ್ಟ, ಹೊಳೆ ಹೆಸರು ಹೇಳಿ ಆಂಟಿ, ಅವನ್ನೇ ಇಡೋಣ' ಅಂದಳು. ದೇವರಾಯನದುರ್ಗ, ಸಿದ್ಧರಬೆಟ್ಟ, ನಾಮದ ಚಿಲುಮೆ, ಮಧುಗಿರಿ. ದೇವರಾಯನದುರ್ಗದ ಕಡೆ ಹುಟ್ಟುವ ಶಿಂಷಾ ಮತ್ತು ಜಯಮಂಗಲಿಯನ್ನು ಅಕ್ಕಪಕ್ಕದ ಟೇಬಲ್ ಮಾಡಿದಳು. ನಂಬರನ್ನು ಟೇಬಲ್ ಮೇಲೆ ಮಲಗಿಸದೆ, ಕೂತವರ ತಲೆಗಿಂತ ಎತ್ತರದ ಕಡ್ಡಿಗೆ ಸಿಕ್ಕಿಸಿದೆವು. ಜನ ಕೂತ ಮೇಲೂ ಬಾಗಿಲಿಂದಲೇ ಕಾಣಬೇಕಲ್ಲ.

ಇಷ್ಟೆಲ್ಲ ಮಾಡಿದರೂ ಬೋರ್ಡು ಓದಲಾರದವರು ಇರುತ್ತಾರೆ. ಓದು ಬಾರದವರು, ಕಣ್ಣು ಮಂಜಾದವರು, ಅಷ್ಟು ಜನರ ಮುಂದೆ ನಿಂತು ಹುಡುಕಲು ಸಂಕೋಚ ಪಡುವವರು. ಪಾವಗಡದಿಂದ ಸುಮಾರು 100 ಕಿಲೋಮೀಟರ್ ಬಸ್ಸಿನಲ್ಲಿ ಬರುವ ನಮ್ಮ ನೆಂಟರ ಮನೆ ಮಾತು ತೆಲುಗು. ಬಹುಪಾಲು ಆಂಧ್ರ ಸುತ್ತುವರಿದ ತಾಲ್ಲೂಕು ಅದು. ಅವರಲ್ಲಿ ಹಿರಿಯರಿಗೆ ಕನ್ನಡ ಮಾತು ಬರುತ್ತದೆ, ಓದು ಕಷ್ಟ. ಇವರಿಗೆಲ್ಲ ಮನುಷ್ಯರೇ ಬೇಕು. ನನ್ನ ಅನುಭವದಲ್ಲಿ ಈ ಕೆಲಸದ ಜೀವ ಇರುವುದು ಇಲ್ಲೇ. 

ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂದರೆ, ಮನೆಯ ಹುಡುಗರನ್ನು ಬಾಗಿಲಲ್ಲಿ ನಿಲ್ಲಿಸುತ್ತಾರೆ. ಪಾಪ, ಅವರಿಗೆ ಯಾರ ಮುಖವೂ ಗೊತ್ತಿರುವುದಿಲ್ಲ. 'ನಿಮ್ಮ ಹೆಸರೇನು?' ಅಂತ ಕೇಳುತ್ತಾರೆ. ಕೇಳಿಸಿಕೊಂಡವರು ಹುಡುಗನ ಅಜ್ಜನನ್ನು ಎತ್ತಿ ಆಡಿಸಿದವರಾಗಿರುತ್ತಾರೆ. ಆ ಪ್ರಶ್ನೆ ಅವರಿಗೆ ಎಲ್ಲಿ ತಾಗುತ್ತದೆ ಅಂತ ಹುಡುಗನಿಗೆ ಗೊತ್ತಾಗುವುದೇ ಇಲ್ಲ. ಅದಕ್ಕೇ ನಾನು ಜೋಡಿ ಮಾಡುತ್ತೇನೆ. ಮುಖ ಗೊತ್ತಿರುವ ಒಬ್ಬ ಹಿರಿಯರು, ಕಾಲು ಗಟ್ಟಿ ಇರುವ ಒಬ್ಬ ಹುಡುಗ. ನಮ್ಮ ಸೋದರತ್ತೆಗೆ ಎಂಬತ್ತು ದಾಟಿದೆ, ಮಂಡಿ ನೋವು, ಓಡಾಡಲು ಆಗುವುದಿಲ್ಲ. ಆದರೆ ನಾಲ್ಕು ತಲೆಮಾರಿನ ನೆಂಟಸ್ತಿಕೆ ಬಾಯಿಗೆ ಬರುತ್ತದೆ. ಅವರಿಗೆ ಬೋರ್ಡಿನ ಪಕ್ಕ ಒಂದು ಒಳ್ಳೆಯ ಕುರ್ಚಿ ಹಾಕಿದೆವು. ಬಂದವರನ್ನು ಕೈ ಹಿಡಿದು ಮಾತಾಡಿಸುತ್ತಿದ್ದರು. 'ಇವ್ರು ಕುಣಿಗಲ್ ದೊಡ್ಡಪ್ಪನ ಬೀಗರು ಕಣೋ, ಕುಣಿಗಲ್‌ನೋರ ಪಕ್ಕದಲ್ಲೇ ಕೂರ್ಸು' ಅಂತ ನನ್ನ ತಮ್ಮನ ಮಗನಿಗೆ ಹೇಳುವರು. ಅವನು ಪಟ್ಟಿ ನೋಡಿ ಕರೆದುಕೊಂಡು ಹೋಗುವನು. ಮನೆಯಲ್ಲಿ ಮೂಲೆಗೆ ಕೂತಿದ್ದ ಅಜ್ಜಿಗೆ ಆ ಸಂಜೆ ಇಡೀ ಮದುವೆಯ ಹೆಬ್ಬಾಗಿಲು ಸಿಕ್ಕಿತು.

ಕರೆದುಕೊಂಡು ಹೋಗುವುದಕ್ಕೂ ಒಂದು ಕ್ರಮ ಇದೆ. ಬೆರಳು ತೋರಿಸಿ 'ಅಲ್ಲಿ' ಅನ್ನಬಾರದು. ಮುಂದೆ ನಡೆಯಬೇಕು, ಅವರ ನಡಿಗೆಗೆ ತಕ್ಕ ಹಾಗೆ. ಚೇರು ಎಳೆದು ಕೊಡಬೇಕು. ಆಮೇಲೆ ಆಗಲೇ ಕೂತಿರುವವರಿಗೆ ಹೇಳಬೇಕು, 'ಇವ್ರು ಶಿರಾದಿಂದ ಬಂದಿದ್ದಾರೆ, ಅಪ್ಪನ ಜೊತೆ ಕೆಲಸ ಮಾಡ್ತಿದ್ರು' ಅಂತ. ಅಷ್ಟು ಹೇಳಿ ಬಂದರೆ ಸಾಕು, ಮಾತು ತಾನೇ ಹುಟ್ಟುತ್ತದೆ. ಹೇಳದೆ ಬಂದರೆ ಎಂಟು ಜನ ಮೊಬೈಲ್ ನೋಡುತ್ತಾ ಕೂರುತ್ತಾರೆ. ಈ ಒಂದು ಮಾತನ್ನು ನಮ್ಮ ಹುಡುಗರಿಗೆ ಮತ್ತೆ ಮತ್ತೆ ಹೇಳಿಕೊಟ್ಟೆ.

ಯಾರ ಪಕ್ಕ ಯಾರು ಅನ್ನುವುದಕ್ಕೆ ಅಕ್ಕನ ಮನೆಯ ಹಜಾರದಲ್ಲಿ ಕೂತು ಒಂದು ಇಡೀ ಭಾನುವಾರ ಯೋಚಿಸಿದೆವು. ಆಸ್ತಿ ವಿಷಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಒಂದೇ ಟೇಬಲ್ಲಿಗೆ ಹಾಕಿ ರಾಜಿ ಮಾಡಿಸೋಣ ಅಂತ ಯಾರೋ ಅಂದರು. ಬೇಡ ಅಂದೆ. ಉಣ್ಣುವ ಹೊತ್ತಿನಲ್ಲಿ ಯಾರ ಎದೆಗೂ ಭಾರ ಹಾಕಬಾರದು. ಒಬ್ಬರಿಗೊಬ್ಬರು ಕಾಣುವ, ಆದರೆ ಬೆನ್ನಿಗೆ ಬೆನ್ನು ತಾಗದ ಟೇಬಲ್ ಕೊಟ್ಟೆವು. ಕಿವಿ ಮಂದವಾದವರನ್ನು ವಾದ್ಯಗೋಷ್ಠಿಯ ಸ್ಪೀಕರ್‌ನಿಂದ ದೂರ. ಹಸುಗೂಸು ಇರುವ ತಾಯಂದಿರು ಬಾಗಿಲ ಹತ್ತಿರ. ಗಾಲಿ ಕುರ್ಚಿಯಲ್ಲಿ ಬರುವವರ ಟೇಬಲ್ಲಿನಲ್ಲಿ ಒಂದು ಚೇರನ್ನು ಮೊದಲೇ ತೆಗೆದಿಡಬೇಕು. ಅವರು ಬಂದ ಮೇಲೆ ಎಲ್ಲರೂ ನೋಡುವಾಗ ಚೇರು ಎತ್ತಿಕೊಂಡು ಓಡಾಡಿದರೆ ಅವರಿಗೆ ಮುಜುಗರ. ಗಂಡನನ್ನು ಕಳೆದುಕೊಂಡ ನಮ್ಮ ಹೆಣ್ಣುಮಕ್ಕಳು ಮದುವೆ ಮನೆಯಲ್ಲಿ ತಾವಾಗಿಯೇ ಹಿಂದೆ ಸರಿದು ನಿಲ್ಲುತ್ತಾರೆ. ಅವರ ಹೆಸರನ್ನು ವೇದಿಕೆಗೆ ಹತ್ತಿರದ ಟೇಬಲ್ಲುಗಳಲ್ಲಿ ಬರೆದೆವು. ಬರೆದಿಟ್ಟ ಜಾಗಕ್ಕೆ ಒಂದು ಬಲ ಇರುತ್ತದೆ. 'ನಿಮ್ಮ ಹೆಸರು ಇಲ್ಲೇ ಇದೆ ಅತ್ತಿಗೆ, ಬನ್ನಿ' ಅಂದರೆ ಸರಿಯಲು ಆಗುವುದಿಲ್ಲ.

ಆ ಬಲಕ್ಕೆ ಇನ್ನೊಂದು ಮುಖವೂ ಇದೆ. ನನ್ನನ್ನು ಬಹಳ ಕಾಡಿದ್ದು ಅದೇ. ಮೊದಲೇ ಗೊತ್ತು ಮಾಡಿದ ಜಾಗ ಅನ್ನುವುದು ನಮ್ಮ ನೆಲದಲ್ಲಿ ಹೊಸದೇನೂ ಅಲ್ಲ. ನಾನು ಚಿಕ್ಕವಳಿದ್ದಾಗ ಹಳ್ಳಿಯ ಮದುವೆಗಳಲ್ಲಿ ಚಪ್ಪರದ ಒಳಗೆ ಯಾರು, ಹೊರಗೆ ಯಾರು, ಮೊದಲ ಪಂಕ್ತಿ ಯಾರದ್ದು, ಕೊನೆಗೆ ಉಳಿದದ್ದನ್ನು ಉಣ್ಣುವವರು ಯಾರು ಅನ್ನುವುದು ಯಾವ ಬೋರ್ಡೂ ಇಲ್ಲದೆ ಎಲ್ಲರಿಗೂ ಗೊತ್ತಿತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ್ದು 1950ರಲ್ಲಿ. ನಾನು ಕಣ್ಣಾರೆ ನೋಡಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಜಾತಿ ನೋಡಿ ಸಾಲು ಬೇರೆ ಮಾಡುವ ಪಂಕ್ತಿಭೇದದ ನೆನಪು ನಮ್ಮಲ್ಲಿ ಎಷ್ಟೋ ಜನಕ್ಕೆ ಇನ್ನೂ ಹಸಿಯಾಗಿದೆ. ಅಂಥವರು ಮದುವೆಗೆ ಬಂದು ಬೋರ್ಡಿನ ಮುಂದೆ ನಿಂತಾಗ ಓದುವುದು ಬರೀ ನಂಬರನ್ನಲ್ಲ. ನಮ್ಮನ್ನು ಎಲ್ಲಿ ಹಾಕಿದ್ದಾರೆ ಅಂತ ಓದುತ್ತಾರೆ.

ನಮ್ಮ ತೋಟದಲ್ಲಿ ಜೀವಮಾನವಿಡೀ ದುಡಿದ ಹಿರಿಯರೊಬ್ಬರು ಹೆಂಡತಿ, ಮಗಳ ಜೊತೆ ಬಂದಿದ್ದರು. ಬೋರ್ಡಿನ ಕಡೆ ಬರದೆ ಕಂಬದ ಪಕ್ಕ ನಿಂತಿದ್ದರು. 'ನಾವು ಆಮೇಲೆ ಕೂರ್ತೀವಿ ಬಿಡ್ರವ್ವ' ಅಂದರು. ಅವರ ಹೆಸರು ಅಕ್ಕ ಭಾವನ ಗೆಳೆಯರ ಟೇಬಲ್ಲಿನಲ್ಲಿತ್ತು. ನಾನೇ ಕರೆದುಕೊಂಡು ಹೋಗಿ ಕೂರಿಸಿದೆ. ಭಾವ ಎದ್ದು ಬಂದು ಅವರ ಪಕ್ಕ ಕೂತು ತೋಟದ ಬೋರ್‌ವೆಲ್ ವಿಷಯ ತೆಗೆದರು. 

ಹಾಗಾಗಿ ಪಟ್ಟಿ ಮಾಡುವಾಗ ನಾನು ಕೆಲವು ವಿಷಯದಲ್ಲಿ ಹಟ ಮಾಡಿದ್ದೆ. ತೋಟದವರು, ಮನೆ ಕೆಲಸದವರು ಅಂತ ಬೇರೆ ಟೇಬಲ್ ಬೇಡ. ಸಂಬಳ, ಹುದ್ದೆ ನೋಡಿ ಮುಂದೆ ಹಿಂದೆ ಬೇಡ. ಕೈ ತೊಳೆಯುವ ಜಾಗದ ಪಕ್ಕದ ಮೂರು ಟೇಬಲ್ ಯಾರಿಗೂ ಇಷ್ಟವಾಗುವುದಿಲ್ಲ, ನೀರು ಸಿಡಿಯುತ್ತದೆ, ಜನ ಓಡಾಡುತ್ತಾರೆ. ಅಲ್ಲಿ ನಮ್ಮ ಮನೆಯವರ ಹೆಸರನ್ನೇ ಬರೆಯಿರಿ ಅಂದೆ. ಅಕ್ಕ ಮರುಮಾತಿಲ್ಲದೆ ಒಪ್ಪಿದಳು. ಮದುವೆ ನಡೆದ ಛತ್ರ ಕ್ಯಾತ್ಸಂದ್ರದ ಹತ್ತಿರ. ಅಲ್ಲೇ ಸಿದ್ಧಗಂಗಾ ಮಠ. ಅಲ್ಲಿನ ದಾಸೋಹದಲ್ಲಿ ಸಾವಿರಾರು ಮಕ್ಕಳು ದಿನಾ ಸಾಲಾಗಿ ಕೂತು ಉಣ್ಣುತ್ತಾರೆ. ನಿನ್ನ ಜಾತಿ ಯಾವುದು ಅಂತ ಕೇಳಿ ಯಾರೂ ಸಾಲು ಬದಲಿಸುವುದಿಲ್ಲ. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ನಡೆಸಿಕೊಂಡು ಬಂದ ದಾಸೋಹ ಅದು. ತುಮಕೂರಿನವರಾದ ನಮಗೆ ಜೊತೆಯಲ್ಲಿ ಕೂತು ಉಣ್ಣುವುದು ಹೇಗೆ ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಸಂಜೆ ಎಲ್ಲವೂ ಪಟ್ಟಿಯ ಪ್ರಕಾರ ನಡೆಯಲಿಲ್ಲ, ನಡೆಯಬೇಕು ಅಂತಲೂ ಇರಲಿಲ್ಲ. ತಿಪಟೂರಿನವರು ಕಾರಿನಲ್ಲಿ ಬರುತ್ತಾರೆ ಅಂದುಕೊಂಡಿದ್ದೆವು, ಟೆಂಪೋ ಟ್ರಾವೆಲರ್ ಮಾಡಿಕೊಂಡು ಊರಿನವರನ್ನೆಲ್ಲ ಕರೆತಂದರು. ಎಷ್ಟು ಪ್ರೀತಿ ನೋಡಿ! ಬಲಗಡೆಯ ಖಾಲಿ ಟೇಬಲ್ಲುಗಳು ಒಂದೇ ಸಲಕ್ಕೆ ತುಂಬಿದವು. ಇನ್ನು ಕೆಲವರು ಬೋರ್ಡು ನೋಡದೆ ಸೀದಾ ಬಂದು ಬೇರೆಯವರ ಟೇಬಲ್ಲಿನಲ್ಲಿ ಕೂತುಬಿಟ್ಟರು. ನಮ್ಮ ಹುಡುಗನೊಬ್ಬ ಎಬ್ಬಿಸಲು ಹೊರಟಿದ್ದ, ನಾನು ತಡೆದೆ. ಊಟಕ್ಕೆ ಕೂತವರನ್ನು ಏಳಿಸಬಾರದು. ಇದು ಮಾತ್ರ ಎಂಥ ಪಟ್ಟಿಗಿಂತಲೂ ದೊಡ್ಡದು. ನಿಜವಾಗಿ ಆ ಟೇಬಲ್ಲಿಗೆ ಬರಬೇಕಾದವರಿಗೆ ಇನ್ನೊಂದು ಜಾಗ ನೋಡಿ, 'ಇಲ್ಲಿ ಗಾಳಿ ಚೆನ್ನಾಗಿದೆ, ಬನ್ನಿ' ಅಂತ ಕರೆದು ಕೂರಿಸಿದೆವು. ಪಟ್ಟಿಯಲ್ಲಿ ಪೆನ್ಸಿಲಿನಿಂದ ತಿದ್ದಿಕೊಂಡೆವು. ಪಟ್ಟಿಯ ಒಂದು ಪ್ರತಿ ಪೆನ್ಸಿಲಿನದ್ದೇ ಇರಬೇಕು.

ಓಲಗದವರು, ಫೋಟೋದವರು, ಡ್ರೈವರ್‌ಗಳು ಇವರಿಗೂ ಟೇಬಲ್ ನಂಬರ್ ಇತ್ತು. ಎಲ್ಲ ಮದುವೆಯಲ್ಲೂ ಇವರು ಕೊನೆಗೆ, ಪಾತ್ರೆ ತೊಳೆಯುವ ಸದ್ದಿನ ನಡುವೆ ಉಣ್ಣುತ್ತಾರೆ. ಓಲಗದವರಿಗೆ ನಡುವೆ ಬಿಡುವು ಸಿಗುವ ಹೊತ್ತು ಕೇಳಿಕೊಂಡು ಅವರ ತಟ್ಟೆಗಳನ್ನು ಆಗಲೇ ಹಾಕಿಸಿದೆವು. ಡ್ರೈವರ್‌ಗಳು ದೂರ ಓಡಿಸಬೇಕಾದವರು, ಬೇಗ ಉಂಡು ಒಂದು ಗಳಿಗೆ ಒರಗಲಿ ಅಂತ ಅವರಿಗೂ ಮೊದಲೇ. 

ಇದನ್ನೆಲ್ಲ ನೋಡಿದ ನಮ್ಮ ಶಿರಾದ ನೆಂಟರು ಈಗ ತಮ್ಮ ಮಗಳ ಮದುವೆಗೆ ನನ್ನನ್ನೇ ಕೇಳಿದ್ದಾರೆ. ಅಲ್ಲಿ ದುಂಡು ಟೇಬಲ್ ಇಲ್ಲ. ಉದ್ದನೆಯ ಸಾಲು, ಬಾಳೆ ಎಲೆ, ಮುಹೂರ್ತದ ಊಟ. ಪಂಕ್ತಿಯಲ್ಲೂ ಈ ಕೆಲಸ ಮಾಡಬಹುದು ಅಂತ ನನಗೆ ಅನ್ನಿಸುತ್ತಿದೆ. ಸಾಲಿಗೊಂದು ಊರು. ಯಾವ ಊರಿನವರಿಗೆ ಮೊದಲ ಪಂಕ್ತಿ, ಯಾರಿಗೆ ಎರಡನೆಯದು ಅನ್ನುವುದನ್ನು ಬಸ್ಸಿನ ಸಮಯ ನೋಡಿ ಗೊತ್ತು ಮಾಡುವುದು, ದೂರ ಹೋಗುವವರು ಮೊದಲು. ಉಳಿದವರಿಗೆ ಹೊರಗೆ ನೆರಳಲ್ಲಿ ಚೇರು, ಪಾನಕ. ಅವರ ಸರದಿ ಬಂದಾಗ ನಮ್ಮ ಹುಡುಗರೇ ಹೋಗಿ ಕರೆಯುವುದು, ಆಗ ಯಾರೂ ಯಾರ ಚೇರಿನ ಹಿಂದೆಯೂ ನಿಲ್ಲಬೇಕಾಗಿಲ್ಲ. ಗಂಡಿನ ಕಡೆಯವರ ಊರುಗಳ ಪಟ್ಟಿ ಇನ್ನೂ ಬಂದಿಲ್ಲ. ಅವರ ಕಡೆ ಮುಖ ಗೊತ್ತಿರುವ ಅಜ್ಜಿ ಯಾರಿದ್ದಾರೆ ಅಂತಲೂ ಕೇಳಿ ಕಳಿಸಿದ್ದೇನೆ.